"ಸರ್ವರ್ ಇಲ್ಲ, ನಾಳೆ ಬನ್ನಿ" ಎನ್ನುವ ಮುನ್ನ: ಕಚೇರಿಯ ಹಂಚಿಕೆ ಕಡತಗಳಿಗೆ ಲಾಗಿನ್ ಆಗದಿದ್ದಾಗ ಪರಿಶೀಲಿಸಬೇಕಾದ ಅಂಶಗಳು

(ಗ್ರಾಮ ಪಂಚಾಯಿತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಅವಗಾಹನೆಗಾಗಿ)

ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಂತಹ ಊರಿನ ಪಂಚಾಯಿತಿ ಕಚೇರಿಗೆ ಬೆಳಿಗ್ಗೆ ಮಹಿಳೆಯೊಬ್ಬರು ಬರುತ್ತಾರೆ ಎಂದಿಟ್ಟುಕೊಳ್ಳಬಹುದು. ಪತಿಯ ಮರಣಾನಂತರ ಮನೆಯ ಖಾತೆಯನ್ನು ತಮ್ಮ ಹೆಸರಿಗೆ ಮಾಡಿಕೊಡುವಂತೆ ಆಕೆ ಈ ಹಿಂದೆಯೇ ಅರ್ಜಿ ಸಲ್ಲಿಸಿದ್ದಾರೆ. ಅರ್ಜಿಯೊಂದಿಗೆ ಕೊಟ್ಟ ವಂಶವೃಕ್ಷ, ಹಳೆಯ ತೆರಿಗೆ ರಶೀದಿ ಹಾಗೂ ಸಭೆಯ ನಡಾವಳಿಯ ಸ್ಕ್ಯಾನ್ ಪ್ರತಿಗಳು ಕಾರ್ಯದರ್ಶಿಯವರ ಕೊಠಡಿಯ ಗಣಕಯಂತ್ರದಲ್ಲಿವೆ. ಮುಂಭಾಗದ ಕೊಠಡಿಯಲ್ಲಿ ಕುಳಿತ ಡೇಟಾ ಎಂಟ್ರಿ ಆಪರೇಟರ್ ಆ ಫೋಲ್ಡರ್ ತೆರೆಯಲು ಪಾಸ್‌ವರ್ಡ್ ಒತ್ತುತ್ತಾರೆ, ಯಂತ್ರ ಒಪ್ಪುವುದಿಲ್ಲ. ಮತ್ತೆ ಒತ್ತುತ್ತಾರೆ, ಒಪ್ಪುವುದಿಲ್ಲ. ಕೊನೆಗೆ "ಸರ್ವರ್ ಇಲ್ಲಮ್ಮ, ನಾಳೆ ಬರ್ರಿ" ಎಂಬ ಉತ್ತರ ಸಿಗುತ್ತದೆ. ಆಕೆಗೆ ಒಂದು ದಿನದ ಕೂಲಿ ನಷ್ಟ. ನಾಳೆಯೂ ಅದೇ ಉತ್ತರ ಬಂದರೆ ಎರಡು ದಿನದ ನಷ್ಟ.

ಇಲ್ಲಿ "ಸರ್ವರ್ ಇಲ್ಲ" ಎಂಬ ಮಾತು ಸತ್ಯವಲ್ಲ. ಸರ್ವರ್ ಪಕ್ಕದ ಕೊಠಡಿಯಲ್ಲೇ ಇದೆ. ಅದರ ಬಾಗಿಲು ತೆರೆಯುತ್ತಿಲ್ಲ, ಅಷ್ಟೆ. ಬಾಗಿಲು ಏಕೆ ತೆರೆಯುತ್ತಿಲ್ಲ ಎಂಬುದನ್ನು ಕ್ರಮವಾಗಿ ಪರಿಶೀಲಿಸಿದರೆ ಬಹುಪಾಲು ತೊಂದರೆಗಳು ಹೊರಗಿನ ತಂತ್ರಜ್ಞರಿಲ್ಲದೆಯೇ ಕೆಲವೇ ನಿಮಿಷಗಳಲ್ಲಿ ಬಗೆಹರಿಯುತ್ತವೆ. ಕ್ರಮ ತಪ್ಪಿ ಆತುರದಲ್ಲಿ ಬೀಗವನ್ನೇ ಕಿತ್ತು ಹಾಕಿದರೆ ಅಂದಿನ ಕೆಲಸ ಆದೀತು. ಆದರೆ ಅಲ್ಲಿಂದ ಮುಂದೆ ಊರಿನ ದಾಖಲೆಗಳನ್ನು ಯಾರು ತಿದ್ದಿದರು ಎಂಬುದಕ್ಕೆ ಉತ್ತರವಿರುವುದಿಲ್ಲ. ಈ ಎರಡೂ ಸಂಗತಿಗಳನ್ನು ಸದಸ್ಯರಿಗೆ ತಿಳಿಯಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹಂಚಿಕೆಯ ಕಡತ ಸರ್ವರ್ ಎಂದರೇನು?

ಕಚೇರಿಯ ಒಂದು ಗಣಕಯಂತ್ರದಲ್ಲಿರುವ ಫೋಲ್ಡರನ್ನು ಅದೇ ಕಚೇರಿಯ ಇತರ ಗಣಕಯಂತ್ರಗಳಿಂದಲೂ ತೆರೆಯುವಂತೆ ಮಾಡಿದ್ದರೆ, ಕಡತಗಳನ್ನು ಇಟ್ಟುಕೊಂಡಿರುವ ಆ ಯಂತ್ರವೇ ಕಡತ ಸರ್ವರ್. ಅದಕ್ಕೆ ದುಬಾರಿ ಉಪಕರಣ ಬೇಕಿಲ್ಲ; ಸಾಮಾನ್ಯ ವಿಂಡೋಸ್ ಗಣಕಯಂತ್ರವೂ ಆ ಕೆಲಸ ಮಾಡುತ್ತದೆ. ದಾಖಲೆ ಕೊಠಡಿಯ ಅಲಮಾರಿಗೆ ಇದನ್ನು ಹೋಲಿಸಬಹುದು. ಅಲಮಾರಿ ಒಂದೇ, ಬೀಗದ ಕೈ ಮಾತ್ರ ಅಧಿಕಾರವುಳ್ಳವರ ಬಳಿ.

ಪಂಚತಂತ್ರ 2.0, ಇ-ಸ್ವತ್ತು ಮೊದಲಾದ ತಂತ್ರಾಂಶಗಳ ಲಾಗಿನ್ ಬೇರೆ, ಈ ಹಂಚಿಕೆ ಫೋಲ್ಡರಿನ ಲಾಗಿನ್ ಬೇರೆ. ನಮೂನೆ 9 ಮತ್ತು ನಮೂನೆ 11 ಹೊರಡುವುದು ಅಂತರ್ಜಾಲದ ಮೂಲಕ ರಾಜ್ಯಮಟ್ಟದ ವ್ಯವಸ್ಥೆಯಿಂದ. ಅವುಗಳಿಗೆ ಆಧಾರವಾದ ಸ್ಕ್ಯಾನ್ ಪ್ರತಿಗಳು, ನಡಾವಳಿ, ಛಾಯಾಚಿತ್ರ, ಪತ್ರ ವ್ಯವಹಾರಗಳು ಇರುವುದು ಕಚೇರಿಯೊಳಗಿನ ಯಂತ್ರದಲ್ಲಿ. ಅಂತರ್ಜಾಲ ಸಂಪೂರ್ಣ ನಿಂತಿದ್ದರೂ ಕಚೇರಿಯೊಳಗಿನ ಹಂಚಿಕೆ ಫೋಲ್ಡರ್ ತೆರೆಯಬೇಕು. ಆದಕಾರಣ "ನೆಟ್ ಇಲ್ಲ" ಎಂಬುದು ಈ ಫೋಲ್ಡರ್ ತೆರೆಯದಿರಲು ಕಾರಣವಾಗಲಾರದು. "ಸರ್ವರ್ ಇಲ್ಲ" ಎಂದಾಗ ಸದಸ್ಯರು ಕೇಳಬೇಕಾದ ಮೊದಲ ಪ್ರಶ್ನೆ ಇದು: ಯಾವ ಸರ್ವರ್? ಬೆಂಗಳೂರಿನದೋ, ಪಕ್ಕದ ಕೊಠಡಿಯದೋ?

2. ತೊಂದರೆ ಯಾರಿಗೆ, ಎಲ್ಲಿ?

ಯಾವುದನ್ನೂ ಬದಲಾಯಿಸುವ ಮೊದಲು ಎರಡು ಸರಳ ಪರೀಕ್ಷೆಗಳನ್ನು ಮಾಡಬೇಕು.

ಒಂದು, ಅದೇ ಸಿಬ್ಬಂದಿ ತಮ್ಮ ಹೆಸರಿನಿಂದಲೇ ಬೇರೊಂದು ಗಣಕಯಂತ್ರದಲ್ಲಿ ಪ್ರಯತ್ನಿಸುವುದು. ಅಲ್ಲಿ ತೆರೆದರೆ ತೊಂದರೆ ಮೊದಲಿನ ಯಂತ್ರದಲ್ಲಿದೆ.

ಎರಡು, ಮೊದಲಿನ ಯಂತ್ರದಲ್ಲಿಯೇ ಬೇರೊಬ್ಬ ಸಿಬ್ಬಂದಿ ತಮ್ಮ ಹೆಸರಿನಿಂದ ಪ್ರಯತ್ನಿಸುವುದು. ಅವರಿಗೆ ತೆರೆದರೆ ತೊಂದರೆ ಮೊದಲಿನವರ ಲಾಗಿನ್‌ಗೆ ಸಂಬಂಧಿಸಿದ್ದು.

ಯಾವ ಯಂತ್ರದಿಂದಲೂ ಯಾರಿಗೂ ತೆರೆಯದಿದ್ದರೆ ನೇರವಾಗಿ ಸರ್ವರ್ ಯಂತ್ರದ ಬಳಿಗೇ ಹೋಗಬೇಕು. ಅದು ನಿದ್ರಾವಸ್ಥೆಗೆ ಹೋಗಿರುವುದು, ವಿದ್ಯುತ್ ಕಡಿತದ ನಂತರ ಚಾಲನೆಯಾಗದಿರುವುದು, ನೆಲ ಗುಡಿಸುವಾಗ ನೆಟ್‌ವರ್ಕ್ ತಂತಿ ಕಳಚಿರುವುದು ಇವೆಲ್ಲ ಅಲ್ಲಿ ಕಣ್ಣಿಗೇ ಕಾಣುತ್ತವೆ.

ಪರದೆಯ ಮೇಲೆ ಬರುವ ಇಂಗ್ಲಿಷ್ ಸಂದೇಶವನ್ನು ಓದದೆ ಮುಚ್ಚುವ ಅಭ್ಯಾಸ ಅನೇಕರಲ್ಲಿದೆ. ವೈದ್ಯರಿಗೆ ಜ್ವರದ ಅಂಕಿ ಹೇಗೋ, ಇಲ್ಲಿ ದೋಷ ಸಂಖ್ಯೆಯೂ ಹಾಗೆಯೇ. ಕಮಾಂಡ್ ಪ್ರಾಂಪ್ಟ್‌ನಲ್ಲಿ "ನೆಟ್ ಯೂಸ್" ಆಜ್ಞೆಯ ಮೂಲಕ ಹಂಚಿಕೆ ಫೋಲ್ಡರಿಗೆ ಸಂಪರ್ಕಿಸಿದರೆ ವಿಂಡೋಸ್ ದೋಷ ಸಂಖ್ಯೆಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು ಅಥವಾ ಮೊಬೈಲ್‌ನಲ್ಲಿ ಚಿತ್ರ ತೆಗೆದುಕೊಳ್ಳಬೇಕು. ಮುಂದಿನ ನಾಲ್ಕು ಹಂತಗಳನ್ನು ಆ ಸಂಖ್ಯೆಗಳ ಆಧಾರದ ಮೇಲೆ ವಿವರಿಸಲಾಗಿದೆ.

3. ಮೊದಲ ಹಂತ: ದಾರಿ ಸಿಗದಿರುವುದು (ಸಂಖ್ಯೆ 53 ಮತ್ತು 67)

53 ಎಂದರೆ ಆ ಯಂತ್ರದವರೆಗೆ ದಾರಿಯೇ ಸಿಕ್ಕಿಲ್ಲ. ಪರದೆಯಲ್ಲಿ 80070035 ಎಂದು ಅಂತ್ಯಗೊಳ್ಳುವ ಉದ್ದ ಸಂಖ್ಯೆ ಕಾಣಿಸಿದರೂ ಅದು ಇದೇ ದೋಷ. 67 ಎಂದರೆ ಫೋಲ್ಡರಿನ ಹಂಚಿಕೆಯ ಹೆಸರು ದೊರೆಯುತ್ತಿಲ್ಲ. ಹೆಸರನ್ನು ತಪ್ಪಾಗಿ ಒತ್ತಿರಬಹುದು, ಇಲ್ಲವೇ ಹಂಚಿಕೆಯ ಹೆಸರನ್ನು ಯಾರೋ ಬದಲಾಯಿಸಿರಬಹುದು. ಈ ಎರಡೂ ಸಂದರ್ಭಗಳಲ್ಲಿ ಪಾಸ್‌ವರ್ಡ್ ಬದಲಾಯಿಸುವುದರಿಂದ ಯಾವ ಪ್ರಯೋಜನವೂ ಇಲ್ಲ. ಮನೆಯೇ ಸಿಗದವನಿಗೆ ಬೀಗದ ಕೈ ಕೊಟ್ಟಂತಾಗುತ್ತದೆ.

ಇಲ್ಲಿ ಹೆಚ್ಚಾಗಿ ಕಾಣುವ ಕಾರಣ ವಿಳಾಸದ ಬದಲಾವಣೆ. ಕಚೇರಿಯ ರೂಟರ್ ಪ್ರತಿ ಯಂತ್ರಕ್ಕೂ 192.168.1.20 ಎಂಬ ರೀತಿಯ ಒಂದು ಐಪಿ ವಿಳಾಸ ಕೊಡುತ್ತದೆ. ವಿದ್ಯುತ್ ಹೋಗಿ ಬಂದಾಗ ಅಥವಾ ಹೊಸ ರೂಟರ್ ಅಳವಡಿಸಿದಾಗ ಈ ವಿಳಾಸ ಬದಲಾಗಬಹುದು. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಊರು ಇದ್ದಲ್ಲೇ ಇದೆ. ಹಳೆಯ ಜಿಲ್ಲಾ ಕೇಂದ್ರಕ್ಕೆ ಬರೆದ ಪತ್ರ ಮಾತ್ರ ಸರಿಯಾದ ಕಚೇರಿಗೆ ತಲುಪದು. ಸರ್ವರ್ ಯಂತ್ರದ ಸ್ಥಿತಿಯೂ ಹೀಗೆಯೇ. ಅದಕ್ಕೆ ಬದಲಾಗದ ವಿಳಾಸವನ್ನು ರೂಟರ್‌ನಲ್ಲಿಯೇ ಕಾಯ್ದಿರಿಸುವುದು ಇದರ ಶಾಶ್ವತ ಪರಿಹಾರ.

ಎರಡನೆಯ ಕಾರಣವೂ ಹೊಸ ರೂಟರಿಗೇ ಸಂಬಂಧಿಸಿದ್ದು. ಹೊಸ ಸಂಪರ್ಕವನ್ನು ವಿಂಡೋಸ್ "ಪಬ್ಲಿಕ್", ಅಂದರೆ ಬಸ್ ನಿಲ್ದಾಣದಂತಹ ಸಾರ್ವಜನಿಕ ಜಾಲ ಎಂದು ಪರಿಗಣಿಸಿದರೆ ಕಡತ ಹಂಚಿಕೆಯನ್ನು ತಡೆಹಿಡಿಯುತ್ತದೆ. ಸರ್ವರ್ ಯಂತ್ರದಲ್ಲಿ ಕಚೇರಿಯ ಜಾಲವನ್ನು "ಪ್ರೈವೇಟ್" ಎಂದು ಬದಲಾಯಿಸಿದರೆ ಸಾಕಾಗುತ್ತದೆ. ಇದಕ್ಕಾಗಿ ಫೈರ್‌ವಾಲನ್ನು ಪೂರ್ತಿ ಸ್ಥಗಿತಗೊಳಿಸುವ ಅಗತ್ಯವಿಲ್ಲ, ಸ್ಥಗಿತಗೊಳಿಸಲೂ ಬಾರದು.

4. ಎರಡನೆಯ ಹಂತ: ಗುರುತು ಒಪ್ಪದಿರುವುದು (ಸಂಖ್ಯೆ 1326 ಮತ್ತು 1219)

1326 ಬಂದರೆ ದಾರಿ ಸರಿಯಿದೆ, ಸರ್ವರ್ ಉತ್ತರಿಸುತ್ತಿದೆ ಎಂದರ್ಥ. ಅದು ಹೇಳುತ್ತಿರುವುದು ಇಷ್ಟೇ: ಬಳಕೆದಾರರ ಹೆಸರು ಅಥವಾ ಪಾಸ್‌ವರ್ಡ್ ಸರಿಯಿಲ್ಲ. ಇಲ್ಲಿ ಐದು ಸಂಗತಿಗಳನ್ನು ಅನುಕ್ರಮವಾಗಿ ನೋಡಬೇಕು.

(ಅ) ಕೀಲಿಮಣೆ. ಕನ್ನಡದಲ್ಲಿ ಬೆರಳಚ್ಚು ಮಾಡುವ ಕಚೇರಿಗಳಲ್ಲಿ ಇದು ಎಲ್ಲಕ್ಕಿಂತ ಸಾಮಾನ್ಯ. ನಡಾವಳಿ ಬರೆಯಲು ನುಡಿ ತಂತ್ರಾಂಶವನ್ನೋ ವಿಂಡೋಸ್‌ನ ಕನ್ನಡ ಕೀಲಿಮಣೆಯನ್ನೋ ಚಾಲನೆಗೊಳಿಸಿ ಹಾಗೆಯೇ ಬಿಟ್ಟಿದ್ದರೆ, ಪಾಸ್‌ವರ್ಡ್ ಜಾಗದಲ್ಲಿಯೂ ಬೇರೆ ಅಕ್ಷರಗಳೇ ಬೀಳುತ್ತವೆ. ಚುಕ್ಕೆಗಳು ಮಾತ್ರ ಕಾಣುವುದರಿಂದ ತಪ್ಪು ತಿಳಿಯುವುದಿಲ್ಲ. ಹೆಸರಿನ ಜಾಗದಲ್ಲಿ ಒಂದೆರಡು ಅಕ್ಷರ ಒತ್ತಿ, ಇಂಗ್ಲಿಷ್ ಬೀಳುತ್ತಿದೆಯೇ ಎಂದು ನೋಡಿ, ಅವನ್ನು ಅಳಿಸಿ ಮುಂದುವರಿಯಬೇಕು. ಕ್ಯಾಪ್ಸ್ ಲಾಕ್ ಹಾಗೂ ನಮ್ ಲಾಕ್ ದೀಪಗಳನ್ನೂ ಗಮನಿಸಬೇಕು.

(ಆ) ಪಿನ್ ಮತ್ತು ಪಾಸ್‌ವರ್ಡ್. ಬೆಳಿಗ್ಗೆ ಯಂತ್ರವನ್ನು ತೆರೆಯಲು ಒತ್ತುವ ನಾಲ್ಕಾರು ಅಂಕಿಗಳ ಪಿನ್ ಆ ಒಂದು ಯಂತ್ರಕ್ಕೆ ಮಾತ್ರ ಅನ್ವಯಿಸುತ್ತದೆ. ಜಾಲದ ಮೂಲಕ ಮತ್ತೊಂದು ಯಂತ್ರಕ್ಕೆ ಹೋಗುವಾಗ ಪಾಸ್‌ವರ್ಡೇ ಬೇಕು. ದಿನವೂ ಪಿನ್ ಬಳಸಿ ಪಾಸ್‌ವರ್ಡ್ ಮರೆತವರು "ನಿನ್ನೆವರೆಗೂ ಇದೇ ಇತ್ತು" ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಆದರೆ ಒತ್ತುತ್ತಿರುವುದು ಪಿನ್.

(ಇ) ಯಾವ ಯಂತ್ರದ ಹೆಸರು. ಕೇಳಲಾಗುತ್ತಿರುವುದು ಸರ್ವರ್ ಯಂತ್ರದಲ್ಲಿ ನೋಂದಾಯಿಸಿದ ಹೆಸರು ಮತ್ತು ಪಾಸ್‌ವರ್ಡ್. ಸಿಬ್ಬಂದಿಯ ಮೇಜಿನ ಯಂತ್ರದ್ದಲ್ಲ. ಸಂದೇಹವಿದ್ದರೆ ಮೊದಲು ಸರ್ವರ್ ಯಂತ್ರದ ಹೆಸರು, ನಂತರ ಹಿಮ್ಮುಖ ಓರೆಗೆರೆ, ಆಮೇಲೆ ಬಳಕೆದಾರರ ಹೆಸರು ಹೀಗೆ ಪೂರ್ಣವಾಗಿ ಬರೆಯಬೇಕು.

(ಈ) ಉಳಿಸಿಟ್ಟ ಹಳೆಯ ಪಾಸ್‌ವರ್ಡ್. ಪಾಸ್‌ವರ್ಡ್ ಬದಲಾಯಿಸಿದ ನಂತರವೂ ಯಂತ್ರ ತಾನು ನೆನಪಿಟ್ಟುಕೊಂಡ ಹಳೆಯದನ್ನೇ ತಾನಾಗಿ ಸಲ್ಲಿಸುತ್ತಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ "ಕ್ರೆಡೆನ್ಶಿಯಲ್ ಮ್ಯಾನೇಜರ್" ಎಂಬಲ್ಲಿ ಸರ್ವರ್‌ಗೆ ಸಂಬಂಧಿಸಿದ ಹಳೆಯ ನಮೂದನ್ನು ತೆಗೆದುಹಾಕಬೇಕು.

(ಉ) ಎರಡು ಹೆಸರುಗಳಿಂದ ಪ್ರವೇಶ. ಒಂದೇ ಯಂತ್ರದಿಂದ ಕಾರ್ಯದರ್ಶಿಯವರ ಹೆಸರಿನಲ್ಲಿ ಒಂದು ಫೋಲ್ಡರ್ ತೆರೆದು, ಅದು ತೆರೆದಿರುವಾಗಲೇ ಕರವಸೂಲಿಗಾರರ ಹೆಸರಿನಲ್ಲಿ ಅದೇ ಸರ್ವರ್‌ನ ಮತ್ತೊಂದು ಫೋಲ್ಡರ್ ತೆರೆಯಲು ಹೋದರೆ 1219 ಸಂಖ್ಯೆ ಬರುತ್ತದೆ. ಒಂದು ಅವಧಿಯಲ್ಲಿ ಒಂದು ಸರ್ವರ್‌ಗೆ ಒಬ್ಬರದೇ ಗುರುತು. ಮೊದಲಿನವರು ಸೈನ್ ಔಟ್ ಆದ ನಂತರ ಎರಡನೆಯವರು ಬರಬೇಕು.

5. ಮೂರನೆಯ ಹಂತ: ಲಾಗಿನ್ ಖಾತೆಯ ಸ್ಥಿತಿ

ಪಾಸ್‌ವರ್ಡ್ ಸರಿಯಿದ್ದರೂ ಆ ಲಾಗಿನ್ ಖಾತೆಯೇ ಬಳಕೆಗೆ ಯೋಗ್ಯವಾಗಿಲ್ಲದಿರಬಹುದು. (ಇಲ್ಲಿ ಖಾತೆ ಎಂದರೆ ಆಸ್ತಿಯ ಖಾತೆಯಲ್ಲ, ಯಂತ್ರದಲ್ಲಿ ಸಿಬ್ಬಂದಿಯ ಹೆಸರಿನಲ್ಲಿರುವ ಬಳಕೆದಾರ ಖಾತೆ.)

1909: ಖಾತೆ ತಾತ್ಕಾಲಿಕವಾಗಿ ಬಂದ್ ಆಗಿದೆ. ತಪ್ಪು ಪಾಸ್‌ವರ್ಡನ್ನು ಪದೇ ಪದೇ ಒತ್ತಿದ್ದರ ಫಲ ಇದು. ವಿಂಡೋಸ್ 11ರ 2022ರ ಆವೃತ್ತಿಯಿಂದ ಈಚೆಗೆ ಹೊಸದಾಗಿ ಸ್ಥಾಪಿಸಿದ ಯಂತ್ರಗಳಲ್ಲಿ 10 ತಪ್ಪು ಪ್ರಯತ್ನಗಳಾದರೆ 10 ನಿಮಿಷ ಪ್ರವೇಶವಿಲ್ಲ. ಆ ಅವಧಿಯಲ್ಲಿ ಕಾಯುವುದೇ ಸರಿ. ಕಾದ ಮೇಲೂ ಮತ್ತೆ ಬಂದ್ ಆದರೆ ಎಲ್ಲೋ ಒಂದು ಯಂತ್ರ ಹಳೆಯ ಪಾಸ್‌ವರ್ಡನ್ನು ತಾನಾಗಿ ಒತ್ತುತ್ತಿದೆ. ಮೇಲಿನ (ಈ) ಅಂಶವನ್ನು ಎಲ್ಲ ಯಂತ್ರಗಳಲ್ಲೂ ನೋಡಬೇಕು.

1330: ಪಾಸ್‌ವರ್ಡಿನ ಅವಧಿ ಮುಗಿದಿದೆ. ಸರ್ವರ್ ಯಂತ್ರದಲ್ಲಿ ಹೊಸದನ್ನು ಹೊಂದಿಸಬೇಕು.

1331: ಖಾತೆಯನ್ನು ನಿಷ್ಕ್ರಿಯಗೊಳಿಸಲಾಗಿದೆ. ವರ್ಗಾವಣೆಯಾದವರ ಖಾತೆಯಾದರೆ ಅದು ಹಾಗೆಯೇ ಇರತಕ್ಕದ್ದು.

1327: ಖಾತೆಯ ಮೇಲಿನ ನಿರ್ಬಂಧ. ಪಾಸ್‌ವರ್ಡನ್ನು ಖಾಲಿ ಬಿಟ್ಟಿರುವುದು ಇದಕ್ಕೆ ಸಾಮಾನ್ಯ ಕಾರಣ. ಪಾಸ್‌ವರ್ಡ್ ಇಲ್ಲದ ಖಾತೆಯಿಂದ ಜಾಲದ ಮೂಲಕ ಪ್ರವೇಶಿಸಲು ವಿಂಡೋಸ್ ಸಹಜವಾಗಿ ಅವಕಾಶ ಕೊಡುವುದಿಲ್ಲ.

1398: ಎರಡು ಯಂತ್ರಗಳ ದಿನಾಂಕ ಮತ್ತು ವೇಳೆಯಲ್ಲಿ ವ್ಯತ್ಯಾಸವಿದೆ. ಡೊಮೈನ್ ಎಂಬ ಕೇಂದ್ರೀಕೃತ ವ್ಯವಸ್ಥೆಯಿರುವ ಕಚೇರಿಗಳಲ್ಲಿ ಸಾಮಾನ್ಯವಾಗಿ 5 ನಿಮಿಷಕ್ಕಿಂತ ಹೆಚ್ಚಿನ ವ್ಯತ್ಯಾಸವನ್ನು ಸಹಿಸಲಾಗುವುದಿಲ್ಲ. ಹಳೆಯ ಯಂತ್ರಗಳ ಒಳಗಿರುವ ನಾಣ್ಯದಾಕಾರದ ಚಿಕ್ಕ ಬ್ಯಾಟರಿ ಸತ್ತರೆ, ಪ್ರತಿ ವಿದ್ಯುತ್ ಕಡಿತದ ನಂತರವೂ ದಿನಾಂಕ ಹಿಂದಕ್ಕೆ ಹೋಗುತ್ತದೆ. ಅಂತಹ ಯಂತ್ರದಲ್ಲಿ ಸುರಕ್ಷಿತ ಜಾಲತಾಣಗಳೂ ಸರಿಯಾಗಿ ತೆರೆಯುವುದಿಲ್ಲ. ಬ್ಯಾಟರಿಯ ಬೆಲೆ ಅತ್ಯಲ್ಪ; ಅದನ್ನು ಬದಲಾಯಿಸದೆ ಕಳೆದುಕೊಳ್ಳುವ ದಿನಗಳ ಬೆಲೆ ದೊಡ್ಡದು.

6. ನಾಲ್ಕನೆಯ ಹಂತ: ಅನುಮತಿ ಇಲ್ಲದಿರುವುದು (ಸಂಖ್ಯೆ 5)

ಸಂಖ್ಯೆ 5 ಎಂದರೆ ಸರ್ವರ್ ವ್ಯಕ್ತಿಯನ್ನು ಗುರುತಿಸಿದೆ, ಆದರೆ ಆ ಫೋಲ್ಡರಿಗೆ ಅವರಿಗೆ ಅನುಮತಿ ಇಲ್ಲ. ವಿಂಡೋಸ್‌ನಲ್ಲಿ ಅನುಮತಿಯನ್ನು ಎರಡು ಕಡೆ ನೋಡಲಾಗುತ್ತದೆ: ಹಂಚಿಕೆಯ ಅನುಮತಿ ಒಂದು, ಫೋಲ್ಡರಿನ ಸ್ವಂತ ಅನುಮತಿ ಇನ್ನೊಂದು. ಎರಡರಲ್ಲಿ ಯಾವುದು ಕಡಿಮೆಯೋ ಅದೇ ಅನ್ವಯಿಸುತ್ತದೆ. ಹೊರಗಿನ ಗೇಟಿನಲ್ಲಿ ಬಿಟ್ಟರೂ ಒಳಕೋಣೆಯ ಬೀಗ ತೆರೆಯದಿದ್ದಂತೆ. ಒಂದು ಕಡೆ ಅನುಮತಿ ಕೊಟ್ಟು ಮತ್ತೊಂದು ಕಡೆ ಮರೆಯುವುದೇ ಇಲ್ಲಿ ಆಗುವ ತಪ್ಪು.

ಈ ಸಂದೇಶವು ಎಲ್ಲ ವೇಳೆಯಲ್ಲೂ ದೋಷವೇ ಆಗಿರಬೇಕಿಲ್ಲ. ಕರವಸೂಲಿಗಾರರು ಬೇಡಿಕೆ ಪಟ್ಟಿಯನ್ನು ನೋಡಬಹುದು, ಆದರೆ ಅನುಮೋದಿತ ನಡಾವಳಿಯನ್ನು ತಿದ್ದುವಂತಿಲ್ಲ. ಹಾಗಿರುವಾಗ ಸಂಖ್ಯೆ 5 ಬಂದರೆ ವ್ಯವಸ್ಥೆ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ ಎಂದೇ ತಿಳಿಯಬೇಕು.

7. ಹಳೆಯ ಯಂತ್ರ, ಹೊಸ ಯಂತ್ರ

ಹೊಸ ಗಣಕಯಂತ್ರ ಖರೀದಿಸಿದ ಮರುದಿನವೇ ಹಳೆಯ ಹಂಚಿಕೆ ತೆರೆಯದಿರುವುದುಂಟು. ಕಡತ ಹಂಚಿಕೆಗೆ ವಿಂಡೋಸ್ ಬಳಸುವ ಎಸ್‌ಎಂಬಿ ಎಂಬ ಪದ್ಧತಿಯ ಮೊದಲ ಆವೃತ್ತಿ ಅಸುರಕ್ಷಿತವಾದುದು. 2017ರ ಮೇ 12ರಂದು ಜಗತ್ತಿನಾದ್ಯಂತ ಹರಡಿದ ವಾನ್ನಾಕ್ರೈ ಎಂಬ ಕುತಂತ್ರಾಂಶ ಈ ಆವೃತ್ತಿಯ ದೋಷವನ್ನೇ ಬಳಸಿಕೊಂಡಿತು. ಅದು ಯಂತ್ರದಿಂದ ಯಂತ್ರಕ್ಕೆ ತಾನಾಗಿ ಹರಡಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಕೆಲಸವೂ ಅಸ್ತವ್ಯಸ್ತವಾಯಿತು. ದೋಷ ನಿವಾರಣೆಯ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಸಂಸ್ಥೆ ಎರಡು ತಿಂಗಳ ಮುಂಚೆಯೇ, ಮಾರ್ಚ್ 14ರಂದು ಬಿಡುಗಡೆ ಮಾಡಿತ್ತು. ತೊಂದರೆಗೊಳಗಾದುದು ಅದನ್ನು ಹಾಕಿಕೊಳ್ಳದ ಯಂತ್ರಗಳು.

ಈ ಕಾರಣಕ್ಕೆ ಹೊಸ ವಿಂಡೋಸ್‌ನಲ್ಲಿ ಆ ಮೊದಲ ಆವೃತ್ತಿ ಸಾಮಾನ್ಯವಾಗಿ ಇರುವುದೇ ಇಲ್ಲ. ಹಾಗೆಯೇ 24ಎಚ್2 ಎಂಬ ಹೆಸರಿನ ವಿಂಡೋಸ್ 11ರ 2024ರ ಆವೃತ್ತಿಯ ಪ್ರೊ ಮಾದರಿಯಲ್ಲಿ ಹೆಸರು, ಪಾಸ್‌ವರ್ಡ್ ಇಲ್ಲದ "ಗೆಸ್ಟ್" ಪ್ರವೇಶವನ್ನೂ ಮುಚ್ಚಲಾಗಿದೆ. ಆಗ 1272 ಸಂಖ್ಯೆ ಕಾಣಿಸಬಹುದು. ಹಳೆಯ ಅಸುರಕ್ಷಿತ ಪದ್ಧತಿಯನ್ನು ಹೊಸ ಯಂತ್ರದಲ್ಲಿ ಮತ್ತೆ ಚಾಲನೆಗೊಳಿಸುವುದು ಸುಲಭದ ದಾರಿಯಾಗಿ ಕಂಡರೂ ಅದು ಸಲ್ಲದು. ಹಳೆಯ ಸರ್ವರ್ ಯಂತ್ರವನ್ನು ನವೀಕರಿಸಿ, ಪ್ರತಿ ಸಿಬ್ಬಂದಿಗೂ ಪ್ರತ್ಯೇಕ ಖಾತೆ ತೆರೆಯುವುದೇ ಪರಿಹಾರ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿರುವುದನ್ನೂ ಗಣಕಯಂತ್ರಗಳ ಖರೀದಿಯನ್ನು ಚರ್ಚಿಸುವಾಗ ಗಮನದಲ್ಲಿಡಬೇಕು.

8. ಮಾಡಬಾರದ "ಪರಿಹಾರ"ಗಳು

ಎದುರಿಗೆ ಜನ ಕಾದು ನಿಂತಿರುವಾಗ ಮೂರು ಅಡ್ಡದಾರಿಗಳು ಹೊಳೆಯುತ್ತವೆ: ಫೋಲ್ಡರಿಗೆ "ಎವೆರಿವನ್", ಅಂದರೆ ಎಲ್ಲರಿಗೂ ಪೂರ್ಣ ಅನುಮತಿ ಕೊಡುವುದು, ಎಲ್ಲ ಸಿಬ್ಬಂದಿಗೂ ಒಂದೇ ಹೆಸರು ಮತ್ತು ಪಾಸ್‌ವರ್ಡ್ ಇಡುವುದು, ಆ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸುವುದು. ಊರಿನ ಹೆಸರು ಅಥವಾ ಮೈಲಾರದ ಹೆಸರಿನ ಮುಂದೆ 123 ಸೇರಿಸಿದ ಪಾಸ್‌ವರ್ಡ್ ಕೂಡ ಅಂಟಿಸಿದ ಚೀಟಿಗೆ ಸಮಾನವೇ.

ಇದರ ಪರಿಣಾಮವನ್ನು ಯೋಚಿಸಬೇಕು. ಆರು ತಿಂಗಳ ನಂತರ ಬೇಡಿಕೆ ಪಟ್ಟಿಯಲ್ಲಿ ಒಬ್ಬರ ಬಾಕಿ ಕಡಿಮೆಯಾಗಿದೆ, ಅಥವಾ ನಡಾವಳಿಯ ಪ್ರತಿಯಲ್ಲಿ ಒಂದು ಸಾಲು ಹೆಚ್ಚಾಗಿದೆ ಎಂದು ದೂರು ಬರುತ್ತದೆ. ಎಲ್ಲರೂ ಒಂದೇ ಹೆಸರಿನಲ್ಲಿ ಪ್ರವೇಶಿಸಿದ್ದರೆ ಯಂತ್ರ ಒಂದೇ ಹೆಸರನ್ನು ಹೇಳುತ್ತದೆ. ಆಗ ತಪ್ಪು ಬಂದು ಬೀಳುವುದು ಆ ಯಂತ್ರದ ಮುಂದೆ ದಿನವೂ ಕುಳಿತುಕೊಳ್ಳುವ, ಕಚೇರಿಯಲ್ಲಿ ಅತಿ ಕಡಿಮೆ ಸಂಬಳದ ನೌಕರರ ಮೇಲೆ. ತಾನು ಮಾಡಿಲ್ಲವೆಂದು ತೋರಿಸಲು ಅವರ ಬಳಿ ಯಾವ ಆಧಾರವೂ ಇರುವುದಿಲ್ಲ. ಪ್ರತ್ಯೇಕ ಲಾಗಿನ್ ಇರುವುದು ಸಿಬ್ಬಂದಿಯ ಮೇಲಿನ ಅಪನಂಬಿಕೆಯಿಂದಲ್ಲ, ಅವರ ರಕ್ಷಣೆಗಾಗಿ.

ಮತ್ತೊಬ್ಬರ ಎಲೆಕ್ಟ್ರಾನಿಕ್ ಸಹಿಯನ್ನೋ ಪಾಸ್‌ವರ್ಡನ್ನೋ ವಂಚನೆಯಿಂದ ಅಥವಾ ಅಪ್ರಾಮಾಣಿಕವಾಗಿ ಬಳಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರ 66ಸಿ ಪ್ರಕರಣದಂತೆ ಅಪರಾಧವಾಗಿದ್ದು, 3 ವರ್ಷಗಳವರೆಗೆ ಕಾರಾವಾಸ ಹಾಗೂ 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದಾಗಿದೆ. ಆದುದರಿಂದ ಚುನಾಯಿತ ಸದಸ್ಯರು ಯಾವ ಸಿಬ್ಬಂದಿಯ ಪಾಸ್‌ವರ್ಡನ್ನೂ ಕೇಳಬಾರದು; ಕೇಳಿದರೂ ಸಿಬ್ಬಂದಿ ಕೊಡತಕ್ಕದ್ದಲ್ಲ. ಕಡತ ನೋಡುವ ಅಗತ್ಯವಿದ್ದಲ್ಲಿ ಅದನ್ನು ನಿಯಮಾನುಸಾರ ಕೇಳಿ ಪಡೆಯಬಹುದು.

9. ಸದಸ್ಯರು ಸಾಮಾನ್ಯ ಸಭೆಯಲ್ಲಿ ಕೇಳಬಹುದಾದ ಪ್ರಶ್ನೆಗಳು

ಯಂತ್ರವನ್ನು ಸರಿಪಡಿಸುವುದು ಸದಸ್ಯರ ಕೆಲಸವಲ್ಲ. ಆದರೆ ಕೆಳಗಿನ ಪ್ರಶ್ನೆಗಳಿಗೆ ಕಚೇರಿಯಲ್ಲಿ ಉತ್ತರವಿದೆಯೇ ಎಂದು ನೋಡುವುದು ಅವರ ಹೊಣೆ.

• ಪ್ರತಿ ಸಿಬ್ಬಂದಿಗೂ ಪ್ರತ್ಯೇಕ ಲಾಗಿನ್ ಇದೆಯೇ? ಯಾರಿಗೆ ಯಾವ ಫೋಲ್ಡರ್ ಎಂಬ ಪಟ್ಟಿ ಬರಹದಲ್ಲಿದೆಯೇ?

• ವರ್ಗಾವಣೆ ಅಥವಾ ನಿವೃತ್ತಿಯಾದವರ ಖಾತೆಯನ್ನು ಬಿಡುಗಡೆಯ ದಿನವೇ ನಿಷ್ಕ್ರಿಯಗೊಳಿಸಲಾಗಿದೆಯೇ?

• ಸರ್ವರ್ ಯಂತ್ರದ ಆಡಳಿತ ಪಾಸ್‌ವರ್ಡ್ ಒಬ್ಬರ ನೆನಪಿನಲ್ಲಿ ಮಾತ್ರ ಇದೆಯೇ, ಅಥವಾ ಮೊಹರು ಮಾಡಿದ ಲಕೋಟೆಯಲ್ಲಿ ಬೀಗದ ಅಲಮಾರಿಯಲ್ಲಿಯೂ ಇದೆಯೇ?

• ಸರ್ವರ್ ಯಂತ್ರಕ್ಕೂ ರೂಟರಿಗೂ ಯುಪಿಎಸ್ ಸಂಪರ್ಕ ಇದೆಯೇ? ಸರ್ವರ್‌ಗೆ ಬದಲಾಗದ ಐಪಿ ವಿಳಾಸ ಇದೆಯೇ?

• ಕಡತಗಳ ನಕಲನ್ನು ವಾರಕ್ಕೊಮ್ಮೆ ಪ್ರತ್ಯೇಕ ಹಾರ್ಡ್ ಡಿಸ್ಕ್‌ಗೆ ತೆಗೆದು, ಡಿಸ್ಕನ್ನು ಯಂತ್ರದಿಂದ ಕಳಚಿ ಇಡಲಾಗುತ್ತಿದೆಯೇ? ಜೋಡಿಸಿಯೇ ಬಿಟ್ಟ ಡಿಸ್ಕಿಗೂ ಕುತಂತ್ರಾಂಶ ಬೀಗ ಹಾಕಬಲ್ಲದು.

• ಲಾಗಿನ್ ತೊಂದರೆಯಾದಾಗ ದಿನಾಂಕ, ಯಂತ್ರ, ದೋಷ ಸಂಖ್ಯೆ, ಮಾಡಿದ ಪರಿಹಾರ ಇವನ್ನು ಬರೆಯುವ ಒಂದು ವಹಿ ಇದೆಯೇ? ಅದೇ ಸಂಖ್ಯೆ ಮೂರನೆಯ ಸಲ ಬಂದರೆ ಶಾಶ್ವತ ಪರಿಹಾರ ಬಾಕಿ ಇದೆ ಎಂದರ್ಥ.

ಈ ಪೈಕಿ ಖರ್ಚು ಬರುವುದು ಯುಪಿಎಸ್ ಮತ್ತು ಹಾರ್ಡ್ ಡಿಸ್ಕಿಗೆ ಮಾತ್ರ. ಉಳಿದವು ಶಿಸ್ತಿನ ವಿಷಯ. ದಾಖಲೆಗಳನ್ನು ಸೂಚಿ ಸಹಿತ ವ್ಯವಸ್ಥಿತವಾಗಿಟ್ಟು, ಸೂಕ್ತವಾದವನ್ನು ಗಣಕೀಕರಿಸಬೇಕೆಂದು ಮಾಹಿತಿ ಹಕ್ಕು ಅಧಿನಿಯಮ 2005ರ ಪ್ರಕರಣ 4(1)(ಎ) ಹೇಳುತ್ತದೆ. ಗಣಕೀಕರಿಸಿದ ಕಡತ ಬೇಕಾದಾಗ ತೆರೆಯದಿದ್ದರೆ ಆ ಉದ್ದೇಶ ಈಡೇರಿದಂತಾಗುವುದಿಲ್ಲ.

10. ಅಂದೇ ಸರಿಯಾಗದಿದ್ದರೆ

ಎಲ್ಲ ಹಂತಗಳನ್ನು ನೋಡಿದ ಮೇಲೂ ಫೋಲ್ಡರ್ ತೆರೆಯದ ದಿನಗಳು ಇರುತ್ತವೆ. ಆಗಲೂ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸಬೇಕಾಗಿಲ್ಲ. ಹೆಚ್ಚಿನ ವೇಳೆ ಸರ್ವರ್ ಯಂತ್ರದ ಮುಂದೆಯೇ ಕುಳಿತು, ಅಧಿಕಾರವುಳ್ಳ ಸಿಬ್ಬಂದಿ ತಮ್ಮ ಲಾಗಿನ್‌ನಿಂದ ಕಡತ ತೆರೆದು ಕೆಲಸ ಮುಂದುವರಿಸಬಹುದು. ಜಾಲ ಕೆಟ್ಟಿದ್ದರೂ ಕಡತ ಆ ಯಂತ್ರದಲ್ಲಿಯೇ ಇರುತ್ತದೆ. ಅದೂ ಸಾಧ್ಯವಾಗದಿದ್ದಲ್ಲಿ ಕಾಗದದ ಮೂಲ ಕಡತವನ್ನು ನೋಡಬೇಕು. ಹೊಸ ಅರ್ಜಿಯಾದರೆ ಸ್ವೀಕರಿಸಿ ಸ್ವೀಕೃತಿ ಪತ್ರ ನೀಡಬೇಕು. ಸಕಾಲದ ವ್ಯಾಪ್ತಿಯ ಸೇವೆಯಾಗಿದ್ದಲ್ಲಿ ಕಚೇರಿಯ ಯಂತ್ರ ಕೆಟ್ಟಿತೆಂದು ಕಾಲಮಿತಿ ನಿಲ್ಲುವುದಿಲ್ಲ ಎಂಬುದು ನೆನಪಿರಲಿ.

ಖಾತೆ ಬದಲಾವಣೆಗೆ ಬಂದ ಆ ಮಹಿಳೆಗೆ ಐಪಿ ವಿಳಾಸವೂ ಗೊತ್ತಿರಬೇಕಿಲ್ಲ, 1326 ಎಂಬ ಸಂಖ್ಯೆಯೂ ಗೊತ್ತಿರಬೇಕಿಲ್ಲ. ಅವನ್ನು ತಿಳಿದು ನೋಡುವುದು ಕಚೇರಿಯ ಕೆಲಸ. ನೋಡಿದರೇ ಎಂದು ಕೇಳುವುದು ಸದಸ್ಯರ ಕೆಲಸ. ತನ್ನ ಕೆಲಸ ಇಂದು ಆಗುತ್ತದೆಯೋ ಇಲ್ಲವೋ, ಆಗದಿದ್ದರೆ ಯಾವ ದಿನ ಬರಬೇಕು ಎಂಬ ಸ್ಪಷ್ಟ ಉತ್ತರ ಆಕೆಗೆ ಸಿಗಬೇಕು. "ಸರ್ವರ್ ಇಲ್ಲ" ಎಂಬುದು ಅಂತಹ ಉತ್ತರವಲ್ಲ.